ಗ್ರೂಪಿನ ಗುಟ್ಟು

(ಮುಶಿಗೇರಿ, ಚಾದಂಗಡಿ. ಪರವೂರ ಸಾಲಿ ಮಾಸ್ತರು, ಹುಡುಗಿಯೊಬ್ಬಳ ಅಪ್ಪ, ನಡುವೆ ಗಿರಮಿಟ್.)

ಅಪ್ಪ: ಸರ್, ನಮ್ಮ ಹುಡುಗಿ ಆಧಾರ್ ಕಾರ್ಡು ವಾಟ್ಸಾಪ್ ಗ್ರೂಪಿನ್ಯಾಗ ಬಿದ್ದೈತಲ್ರಿ!

ಮಾಸ್ತರ: ಸಾಲಿ ಹುಡುಗ್ರ ಅಪಾರ್ ಐಡಿಗೆ ಬೇಕಾಗಿತ್ತು ತಮ್ಮಾ. 12 ಅಂಕಿದು.

ಅಪ್ಪ: ಅದಕ್ಕ ಪಾಲಕರ ಒಪ್ಪಿಗಿ ಬೇಕಂತಲ್ರಿ?

ಮಾಸ್ತರ: ಗ್ರೂಪಿನ್ಯಾಗ ಹೆಬ್ಬಟ್ಟಿನ ಚಿತ್ರ ಹಾಕಿದ್ಯಲ್ಲ!

ಅಪ್ಪ: ಅದು ಸೂಟಿ ಸುದ್ದಿಗ್ರಿ!

ಮಾಸ್ತರ: (ಕಾಯ್ದೆಯ ಮಾತು ಬಂದರೆ ಇವರ ಗಂಟಲು ತಾನಾಗಿ ಸರಿಹೋಗುತ್ತದೆ) 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರೆಲ್ಲಾ ಮಕ್ಕಳು. ನಿನ್ನೆನ ಪಾಠ ಮಾಡೇನಿ: 'ಇಂಟರ್‌ನೆಟ್ಟಿನ್ಯಾಗ ಸ್ವಂತ ಮಾಹಿತಿ ಹಂಚಬ್ಯಾಡ್ರಿ.'

ಅಪ್ಪ: ಹುಡುಗ್ರು ಕೇಳಿದ್ರೇನ್ರಿ?

ಮಾಸ್ತರ: ಕೇಳಿದ್ರು! ಕೇಳಿದವರ ಫೋಟೋ, ಹೆಸರು, ಹಾಜರಿ ನಂಬರ್ ಸಮೇತ ಸ್ಟೇಟಸ್ ಇಟ್ಟೇನಿ, ನೋಡು.

ಅಪ್ಪ: ಅಳಿಸ್ರಿ ಸರ್!

ಮಾಸ್ತರ: ಅಳಸಾಕ ಮ್ಯಾಲಿನವರ ಒಪ್ಪಿಗಿ ಬೇಕಲ್ಲೋ.