ಕುಂತೂರಿನಿಂದ ಜರ್ಮನಿಗೊಂದು ಅರ್ಜಿ

ಕುಂತೂರಿನ ಹುಡುಗ ಕೈಗಾರಿಕಾ ನಿರ್ವಹಣೆ ಓದಲು ಜರ್ಮನಿಗೆ ಅರ್ಜಿ ಹಾಕುತ್ತಾನಂತೆ. "ಅಲ್ಲ ಕನ್ಲಾ, ಸಕ್ಕರೆ ಕಾರ್ಖಾನೆ ಊರಲ್ಲೇ ಅದಲ್ಲಾ?" ಎಂದರು ತಾತ. ಅರ್ಜಿಯ ಪ್ರಬಂಧಕ್ಕೆ ವಿಷಯ ಸಿಕ್ಕಿತು! ಕಡಿದ ಕಬ್ಬಿನ ಸಿಹಿ ಗಂಟೆಗಂಟೆಗೂ ಇಳಿಯುತ್ತದೆ. ಕಟಾವು, ಟ್ರ್ಯಾಕ್ಟರ್, ತೂಕ, ಅರೆತ ಎಲ್ಲ ಒಂದೇ ತಾಳಕ್ಕೆ ಬರಬೇಕು. ಆ ಡಿಗ್ರಿಯ ತಿರುಳೂ ಅದೇ.

ಮುಂದಿನದು ಕಾಗದದ ಅರೆತ. 2022ರ ನವೆಂಬರಿನಿಂದ ಇಲ್ಲಿನ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಬರೀ ಪಿಯುಸಿ ಅಂಕಪಟ್ಟಿಗೆ ನೇರ ಪ್ರವೇಶ ದುರ್ಲಭ. ಇಲ್ಲೇ ಒಂದು ವರ್ಷ ಪದವಿ ಓದಿದ್ದರೆ ದಾರಿ ಸಲೀಸು. 2024ರ ಸೆಪ್ಟೆಂಬರಿನಿಂದ ವೀಸಾಕ್ಕೆ ನಿರ್ಬಂಧಿತ ಖಾತೆಯಲ್ಲಿ ವರ್ಷದ ಖರ್ಚಿಗೆಂದು 11,904 ಯೂರೊ ಇಡಬೇಕು, ತಿಂಗಳಿಗೆ 992 ಮಾತ್ರ ಕೈಗೆ. "ನಮ್ ದುಡ್ಡ ನಮಗೇ ಕಂತಲ್ಲಿ ಕೊಟ್ಟಾರಾ?" ತಾತನಿಗೆ ನಗು.

ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಏಜೆಂಟರಿಗೆ ಲಕ್ಷ ಎಣಿಸುವ ಮುನ್ನ ಇದನ್ನೊಮ್ಮೆ ಓದಿಕೊಳ್ಳಿ.