ಸರ ರೆಕಾರ್ಡಿಂಗಿಗೆ ಕುಂತರು

ಪೋತ್ನಾಳದ ಬಾಡಿಗಿ ಮನಿ. ಇತಿಹಾಸದ ಸರ ಲ್ಯಾಪ್‌ಟಾಪಿನ ಮುಂದೆ: ಮ್ಯಾಲ ಇಸ್ತ್ರಿ ಅಂಗಿ, ಕೆಳಗ ಲುಂಗಿ.

“ತಮ್ಮಾ, ರೆಕಾರ್ಡ್ ಮಾಡಾಕ ಓಬಿಎಸ್ ಹಾಕೀನಿ. ಪುಕ್ಕಟೆ ಐತಿ. ಅಶೋಕನ ಮಸ್ಕಿ ಶಾಸನದ ಪಾಠ ನಲವತ್ತು ನಿಮಿಷ ಹೇಳೀನಿ, ನೋಡು.”

“ಸರ, ಬಾಯಿ ಆಡ್ತೈತ್ರಿ, ದನಿನೇ ಇಲ್ರಿ. ಮೈಕ್ ಮ್ಯೂಟ್ ಐತಿ.”

“ಹಂಗಾರ ಇನ್ನೊಮ್ಮೆ!”

ಮೂವತ್ತೊಂಬತ್ತನೇ ನಿಮಿಷಕ್ಕ ಕರೆಂಟ್ ಹೋತು. ಬ್ಯಾಟರಿ ಸತ್ತು ವರ್ಷಾಗಿತ್ತು. (ನಮ್ಮ ಜಿಲ್ಲಾದ ಶಕ್ತಿನಗರದಾಗ 1720 ಮೆಗಾವಾಟ್ ಸ್ಥಾವರ ಐತಿ ಅಂತ ಹೇಳಿಕೊಳ್ಳಾಕ ಚಂದ.)

“ಎಂಪಿ-ಫೋರ್ ಇಟ್ಟಿದ್ರೇನ್ರಿ? ಫೈಲ್ ಕೆಟ್ಟೋತು. ಎಂಕೆವಿ ಇಟ್ಟಿದ್ರ ಅಲ್ಲೀತನಕರ ಉಳೀತಿತ್ತು.”

“ಅಶೋಕ ಯಾವುದು ಇಟ್ಟಿದ್ನೋ?”

“ಕಲ್ಲು, ಸರ.”

“1915ರಾಗ ಸಿಕ್ಕಾಗ ಅವನ ಹೆಸರು ಸೈತ ಓದಾಕ ಬಂತು. ಹೋಗು, ಚಾಕ್‌ಪೀಸ್ ತಗೊಂಡು ಬಾ.”