ಎರಿ ಮಣ್ಣಿಗೆ ನಾಲ್ಕು ಗಾಲಿ

ಹಳೆಯ ಸಾಮಾನಿಗೆ ಬೆಲೆ ಕಟ್ಟುವುದರಲ್ಲಿ ವಿಜಯಪುರದ ಇತಿಹಾಸ ಅಷ್ಟೇನೂ ಒಳ್ಳೆಯದಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಲಿಲಾವಿಗೆ ಇಟ್ಟಿದ್ದರು. ನಿರುಪಯೋಗಿ ಸಾಮಾನೆಲ್ಲ ಮಾರಿಬಿಡಿ ಎಂದು ಸಾತಾರದ ಕಮಿಷನರ ಹುಕುಂ ಬಂದಿತ್ತು, ಪಟ್ಟಿಯಲ್ಲಿ ತೋಪೂ ಸೇರಿತ್ತು. ಬಂದ ದೊಡ್ಡ ಸವಾಲು 150 ರೂಪಾಯಿ. ರೇಟು ತೀರ ಕಡಿಮೆಯಾಯಿತು, ಜನಕ್ಕೂ ಇದರ ಮೇಲೆ ಭಕ್ತಿ ಇದೆ ಎಂದು ಮಾಮಲೇದಾರರು ಬರೆದದ್ದರಿಂದ ಮಾರಾಟ ನಿಂತಿತು. ಇಲ್ಲದಿದ್ದರೆ ಯಾರೋ ಪುಣ್ಯಾತ್ಮ ಅದನ್ನು ಕರಗಿಸಿ ಕೊಡಪಾನ ಮಾಡುತ್ತಿದ್ದ.

ಆ ತೋಪನ್ನು ಊರಿಗೆ ಎಳೆದು ತರಲು ಹತ್ತು ಆನೆ, ನಾನೂರು ಎತ್ತು ಬೇಕಾದವಂತೆ. ಲೆಕ್ಕ ಹಾಕಿದರೆ 1,640 ಕಾಲು, ಅಷ್ಟೂ ನೆಲಕ್ಕೆ ಒತ್ತಿ ಎಳೆಯುವ ಕಾಲು. ಫೋರ್ ವೀಲ್ ಡ್ರೈವ್ ಅಂದರೆ ಏನು ಎಂದು ನಮ್ಮ ಕಾಕಾನಿಗೆ ತಿಳಿಸಬೇಕಾದಾಗ ನಾನು ಹಿಡಿದದ್ದು ಇದೇ ದಾರಿ. "ಎತ್ತಿಗೆ ನಾಕೂ ಕಾಲು ಎಳೀತಾವ. ಕಾರಿಗೆ ಗಾಲಿ ನಾಕಿದ್ರೂ ಎಳಿಯೂವು ಎರಡ. ಇದರಾಗ ನಾಕೂ ಎಳೀತಾವ" ಅಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಇಷ್ಟ ದಿನ ಎರಡ ಕಾಲಿನ ಎತ್ತಿಗೆ ರೊಕ್ಕಾ ಕೊಟ್ಟೇವೇನು?" ಅಂದ.

ನಮಗೆ ಈ ಫೋರ್ ವೀಲ್ ಡ್ರೈವ್ ಗಾಡಿಯ ಉಸಾಬರಿ ಹತ್ತಿದ್ದು ದ್ರಾಕ್ಷಿಯಿಂದ. ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವಾಗ ಡಾಂಬರು ಬಿಟ್ಟು ಒಳಗೆ ಇಳಿದರೆ ನಮ್ಮ ತೋಟ. ಆ ದಾರಿ ವರ್ಷದ ಬಹುಪಾಲು ಸಿಮೆಂಟಿನಷ್ಟು ಗಟ್ಟಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಆದರೆ ಎರಿ ಮಣ್ಣಿನ ಜೇಡಿಗೆ ನೀರು ಬಿದ್ದರೆ ಉಬ್ಬುವ ಗುಣ. ಒಂದು ಹದವಾದ ಮಳೆ ಸಾಕು, ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಚಪ್ಪಲಿಗೆ ಇನ್ನೊಂದು ಚಪ್ಪಲಿ ಅಂಟಿರುತ್ತದೆ. ಆ ದಿನ ಮನೆಯಲ್ಲೇ ಇರಿ ಎಂದು ಬುದ್ಧಿ ಹೇಳುವವರಿಗೆ ದ್ರಾಕ್ಷಿಯ ಸ್ವಭಾವ ಗೊತ್ತಿಲ್ಲ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿ ಮುಗಿದು ಚಿಗುರು ಬರುವಾಗ ಮಳೆಯಾದರೆ ಡೌನಿ ರೋಗ ಕಾದು ಕುಳಿತಿರುತ್ತದೆ, ತಡಮಾಡದೆ ಔಷಧ ಹೊಡೆಯಬೇಕು. ಅಂದರೆ ಯಾವ ದಿನ ದಾರಿ ಬಂದಾಗಿರುತ್ತದೋ ಅದೇ ದಿನ ತೋಟ ಕರೆಯುತ್ತದೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂದು ಡೋಣಿ ಹೊಳೆಯ ದಂಡೆಯ ಎರಿ ಹೊಲಗಳ ಮೇಲೆ ಗಾದೆ ಕಟ್ಟಿದವರು ಅದೇ ಮಣ್ಣಿನಲ್ಲಿ ಸಿಕ್ಕಿಕೊಂಡ ಗಾಡಿಯ ಬಗ್ಗೆ ಯಾಕೆ ಏನೂ ಕಟ್ಟಲಿಲ್ಲವೋ. ಪ್ರಾಯಶಃ ಅವರ ಬಳಿ ಎತ್ತು ಇದ್ದವು.

ಹೊಸ ಗಾಡಿ ನಮ್ಮ ಕೈಗೆ ನಿಲುಕುವುದಲ್ಲ. ಹಳೆಯದನ್ನು ಹುಡುಕಲು ಹೊರಟಾಗ ತಿಳಿದದ್ದು, ವಿಜಯಪುರದಲ್ಲಿ ಈ ವಿಷಯ ಗೊತ್ತಿಲ್ಲದವನು ನಾನೊಬ್ಬನೇ. ಚಹಾದಂಗಡಿಯಲ್ಲಿ ಬಾಯಿ ಬಿಟ್ಟರೆ ಸಾಕು. ಒಬ್ಬರು ಜಿಪ್ಸಿ ಅನ್ನುತ್ತಾರೆ: 1985ರಿಂದ ಬಂದ ಗಾಡಿ, ಹಗುರ, ಕೆಸರಿನಲ್ಲಿ ಹೂತುಕೊಳ್ಳುವುದು ಕಡಿಮೆ. ಮಾತು ನಿಜ. ಆದರೆ ಪೆಟ್ರೋಲ್ ಕುಡಿಯುತ್ತದೆ, ಏಪ್ರಿಲ್ ಬಿಸಿಲಿಗೆ ಅದರಲ್ಲಿ ಕೂತವರು ತಾವೇ ಒಣದ್ರಾಕ್ಷಿ ಆಗುತ್ತಾರೆ. ಇನ್ನೊಬ್ಬರು ಥಾರ್ ಅನ್ನುತ್ತಾರೆ. ಥಾರ್ ಎಂದ ಮಾತ್ರಕ್ಕೆ ನಾಲ್ಕೂ ಗಾಲಿ ಎಳೆಯುತ್ತವೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. 2010ರ ಮೊದಲ ಥಾರ್‌ನಲ್ಲೂ ಹಿಂದಿನ ಎರಡೇ ಗಾಲಿಯ ಮಾದರಿ ಇತ್ತು, 2023ರಲ್ಲಿ ಹೊಸದರಲ್ಲೂ ಬಂತು. ಸೊಲ್ಲಾಪುರ ರಸ್ತೆಯಲ್ಲಿ ಧೂಳೆಬ್ಬಿಸಿ ಹೋಗುವ ಹುಡುಗರಿಗೆ ಅಷ್ಟೇ ಸಾಕು. ಕೆಸರು ಅವರ ಫೋಟೋಗಳಲ್ಲಿ ಮಾತ್ರ ಇರುತ್ತದೆ. ಮೂರನೆಯವರು ಬೊಲೆರೊ. ಈ ಸೀಮೆಯಲ್ಲಿ ಯಾವ ಹಳ್ಳಿಯಲ್ಲಿ ಕೆಟ್ಟರೂ ಅದನ್ನು ಬಿಚ್ಚಬಲ್ಲ ಒಬ್ಬ ಹುಡುಗ ಇರುತ್ತಾನೆ. ನನಗೆ ಈ ವಾದ ಹಿಡಿಸಿತು.

ಗಾಡಿ ನೋಡಲು ಕಾಕಾನನ್ನು ಕರೆದುಕೊಂಡು ಹೋದೆ. ಕಾಕಾನಿಗೆ ಡ್ರೈವಿಂಗ್ ಬರುವುದಿಲ್ಲ. ಆದರೆ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ದನದ ಸಂತೆ ತೊರವಿಯಲ್ಲಿ ನೆರೆದಾಗ ಕಿಲಾರಿ ಹೋರಿಯ ಬಾಯಿ ಬಿಡಿಸಿ, ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದೆಯೋ ಎಂದು ಹೇಳಲು ಜನ ಅವನನ್ನೇ ಕರೆಯುತ್ತಾರೆ. ಅವನ ಮೊದಲ ಷರತ್ತು, ಮಾರುವವನು ಗಾಡಿ ತೊಳೆಯಬಾರದು. ಫೋನಿನಲ್ಲಿ ಹಾಗೆ ಹೇಳಿದ್ದಕ್ಕೆ ಅಥಣಿ ರಸ್ತೆಯ ಒಬ್ಬ ದಲಾಲಿ ಸಿಟ್ಟಿಗೆದ್ದ. ಮೈ ಉಜ್ಜಿ ಕೋಡಿಗೆ ಬಣ್ಣ ಹಚ್ಚಿದ ಎತ್ತಿನ ಮೇಲೆ ಕಾಕಾನಿಗೆ ಹಳೆಯ ಅನುಮಾನ.

ಆ ದಲಾಲಿಯ ಗಾಡಿಗೆ ಹಿಂದೆ ಫೋರ್ ಬೈ ಫೋರ್ ಎಂದು ದೊಡ್ಡ ಸ್ಟಿಕ್ಕರ್. ಒಳಗೆ ಸಣ್ಣ ಗೇರಿನ ದಾಂಡು ಇತ್ತು, ಹಾಕಿದರೆ ದೀಪವೂ ಹತ್ತಿತು. ಕಾಕಾ ಗೋಣಿಚೀಲ ಹಾಸಿ, ಬ್ಯಾಟರಿ ಹಿಡಿದು ಕೆಳಗೆ ನುಗ್ಗಿದ. ಮುಂದಿನ ಡಿಫ್ರೆನ್ಶಿಯಲ್ ಇದೆ, ಗೇರ್‌ಬಾಕ್ಸ್ ಇದೆ, ನಡುವೆ ಎರಡನ್ನೂ ಕೂಡಿಸುವ ಶಾಫ್ಟ್ ಇಲ್ಲ. "ಇಲ್ಲಿ ಏನೋ ಕರಳ ಕಡಿಮಿ ಬಿದ್ದೈತಿ" ಎಂದು ಒಳಗಿನಿಂದಲೇ ಕೂಗಿದ. ದಲಾಲಿ ತಡವರಿಸಲಿಲ್ಲ: "ಆ್ಯವರೇಜ್ ಬರ್ಲಿ ಅಂತ ಮಾಲಕರು ತಗದಾರ್ರಿ. ಸಾಮಾನ ಅಟ್ಟದ ಮ್ಯಾಲ ಐತಿ." ನಾಲ್ಕು ಕಾಲಿನ ಎತ್ತು, ಎರಡು ಕಾಲು ಅಟ್ಟದ ಮೇಲೆ!

ಮುಂದಿನವನು ಡಾಂಬರು ರಸ್ತೆಯಲ್ಲೇ ನಾಲ್ಕು ಗಾಲಿ ಜೋಡಿಸಿ ತಿರುವಿ ತೋರಿಸಿದ. ಗಾಡಿ ತೊಡರಿ ತೊಡರಿ ನಿಂತಿತು. "ನೋಡ್ರಿ ಹೆಂಗ ಹಿಡೀತೈತಿ" ಎಂದು ಅವನಿಗೆ ಹೆಮ್ಮೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹೊಡೆಯುತ್ತವೆ. ಇಂಥ ಗಾಡಿಗಳಲ್ಲಿ ಆ ಹೆಚ್ಚುಕಮ್ಮಿ ನುಂಗಲು ನಡುವೆ ಏನೂ ಇರುವುದಿಲ್ಲ. ಸಡಿಲು ಮಣ್ಣಿನಲ್ಲಾದರೆ ಗಾಲಿ ಜಾರಿ ಸರಿದೂಗುತ್ತದೆ. ಡಾಂಬರಿನಲ್ಲಿ ಆ ಜಗ್ಗಾಟವೆಲ್ಲ ಗೇರಿನ ಮೇಲೆ ಬೀಳುತ್ತದೆ. ಇಷ್ಟು ಹೆಮ್ಮೆಯಿಂದ ಎಷ್ಟು ಜನಕ್ಕೆ ತೋರಿಸಿದ್ದಾನೋ ಎಂದು ನೆನೆದು ನಾವು ಚಹಾ ಕುಡಿದು ಬಂದೆವು.

ಕೊನೆಗೆ ಮನಸ್ಸಿಗೆ ಬಂದ ಬೊಲೆರೊ ಸಿಕ್ಕಿದ್ದು ಬಬಲೇಶ್ವರದ ಕಡೆಯ ಒಬ್ಬ ಕಬ್ಬು ಬೆಳೆಗಾರರ ಮನೆ ಮುಂದೆ. ಪಾಟಾಗಳ ಸಂದಿಯಲ್ಲಿ ಹಳೆಯ ಎರಿ ಮಣ್ಣು ಒಣಗಿ ಹೆಪ್ಪುಗಟ್ಟಿತ್ತು. ಸೀಟಿನ ಕೆಳಗೆ ಯೂರಿಯಾ ಚೀಲದ ದಾರ. ದುಡಿದ ಗಾಡಿ ಎಂಬುದಕ್ಕೆ ಬೇರೆ ಸರ್ಟಿಫಿಕೇಟು ಬೇಡವಾಗಿತ್ತು. ಕಾಕಾ ಚಾಸಿಗೆ ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೋದ. ತುಕ್ಕು ತಿಂದ ಕಡೆ ಸದ್ದು ಬೇರೆ. ಮುಂದಿನ ಗಾಲಿಯ ರಬ್ಬರ್ ಬೂಟು ಹರಿದು ಗ್ರೀಸು ಸಿಡಿದಿಲ್ಲ. ನೀರು ಬಿಟ್ಟ ಕಬ್ಬಿನ ಹೊಲದ ಬದುವಿಗೆ ಇಳಿಸಿ, ಸಣ್ಣ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟೆ. ಗಾಡಿ ಗೊಣಗುತ್ತ ಹತ್ತಿತು. ಅರ್ಧಕ್ಕೆ ಟೈರಿನ ಗೀರುಗಳಲ್ಲಿ ಮಣ್ಣು ತುಂಬಿ ನುಣುಪಾಗಿ ನಾಲ್ಕೂ ಗಾಲಿ ಒಟ್ಟಿಗೆ ತಿರುಗತೊಡಗಿದವು. "ಟೈರ್ ಸವದಾವ, ಅಷ್ಟ" ಅಂದರು ಮಾಲೀಕರು. ಎರಿ ಮಣ್ಣಿನಲ್ಲಿ ಅರ್ಧ ಕೆಲಸ ಟೈರಿನದೇ. ಅದರ ದುಡ್ಡನ್ನು ರೇಟಿನಲ್ಲಿ ಮುರಿದುಕೊಂಡೆವು.

ಇನ್ನು ಕಾಗದ. ನಮ್ಮೂರಿಗೆ ಮಹಾರಾಷ್ಟ್ರ ಹತ್ತಿರ, ಎಂಎಚ್ 13ರ ಸೊಲ್ಲಾಪುರ ಗಾಡಿಗಳು ಸೋವಿಯಾಗಿ ಕಾಣುತ್ತವೆ. ಅಲ್ಲಿನ ನಿರಾಕ್ಷೇಪಣಾ ಪತ್ರ, ಇಲ್ಲಿನ ರಸ್ತೆ ತೆರಿಗೆ ಎಲ್ಲ ಕೂಡಿದರೆ ಸೋವಿ ಕರಗುತ್ತದೆ. ಈ ಬೊಲೆರೊ ಕೆಎ 28, ವಿಜಯಪುರದ್ದೇ. ಆದರೂ ಚಾಸಿ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್‌ಸಿಯ ಜೊತೆ ಒಂದೊಂದೇ ಅಂಕಿ ಓದಿ ತಾಳೆ ನೋಡಿದೆ. ಬ್ಯಾಂಕಿನ ಸಾಲ ತೀರಿದ್ದಕ್ಕೆ 35ನೇ ಫಾರಂ, ಹೆಸರು ಬದಲಿಗೆ 29 ಮತ್ತು 30.

ಸಂಚಕಾರ ಕೊಟ್ಟು ಕೀಲಿಕೈ ಕೇಳಿದರೆ, "ನಾಳೆ ಅಮಾಸಿ, ಆಮ್ಯಾಲ ಒಯ್ರಿ" ಅಂದರು ಮಾಲೀಕರು. ಅಮಾವಾಸ್ಯೆ ಮುಗಿದದ್ದು ಮಂಗಳವಾರ, ಅದು ಕಾಕಾನಿಗೆ ಬೇಡ. ಬುಧವಾರ ಬಬಲೇಶ್ವರಕ್ಕೆ ಹೋದಾಗ ಮಾಲೀಕರು ನಮ್ಮ ಮರ್ಯಾದೆಗೆಂದು ಗಾಡಿಯನ್ನು ತಿಕ್ಕಿ ತಿಕ್ಕಿ ತೊಳೆಸಿ, ಸೀಟಿಗೆ ಅತ್ತರು ಸಿಂಪಡಿಸಿ ನಿಲ್ಲಿಸಿದ್ದರು. ಕಾಕಾ ಮತ್ತೆ ಗೋಣಿಚೀಲ ಕೇಳಿದ.